ಹೊಗೆಯಿಲ್ಲದ ಪೂಜೆ

ಈ ಬೇಸಿಗೆಯಲ್ಲಿ ದೊಣೆಗೆ ಹೋಗುವುದೋ ಬೇಡವೋ ಎಂಬ ಮಾತು ಗಂಧದಕಡ್ಡಿಯ ಹತ್ತಿರ ಬಂದು ನಿಂತುಬಿಟ್ಟಿತು. ದಿನ ಗೊತ್ತಾಗಿತ್ತು, ಗಾಡಿ ಗೊತ್ತಾಗಿತ್ತು, ಬುತ್ತಿಗೆ ಏನೇನು ಎನ್ನುವುದೂ ಗೊತ್ತಾಗಿತ್ತು. ಆದರೆ ಗಂಧದಕಡ್ಡಿ ಹಚ್ಚದೆ ನೀರಿಗೆ ಇಳಿಯುವುದಿಲ್ಲ ಎಂದು ಚಿಕ್ಕಮ್ಮ ಹಟ ಹಿಡಿದರು. ಹಚ್ಚಿದರೆ ನಾನು ಬರುವುದಿಲ್ಲ ಎಂದು ನಾನೂ ಹಟ ಹಿಡಿದೆ.

ದೊಣೆ ಎಂದರೆ ಬಂಡೆಯ ಬುಡದಲ್ಲಿ ತಾನಾಗಿಯೇ ಆದ ನೀರಿನ ಗುಂಡಿ. ಈ ದೊಣೆ ಇರುವುದು ಹನೂರಿನಿಂದಾಚೆ, ಮಾರ್ಟಳ್ಳಿ ಕಡೆಗೆ ಹೋಗುವ ದಾರಿಯಲ್ಲಿ, ನನ್ನ ಸೋದರಮಾವನ ಅರಿಸಿನದ ಹೊಲದ ಮೇಲ್ತುದಿಯಲ್ಲಿ. ತಳದಲ್ಲೆಲ್ಲೋ ನೀರಿನ ಸೆಲೆ ಇದೆ. ಸುತ್ತಲಿನ ಹಳ್ಳಗಳೆಲ್ಲ ಒಣಗಿದಾಗಲೂ ಅದರಲ್ಲಿ ಮರಳು ಸಣ್ಣಗೆ ಕುದಿಯುತ್ತಾ ನೀರು ಮೇಲಕ್ಕೆ ಬರುವುದು ಕಾಣುತ್ತದೆ. ದಡದ ಹತ್ತಿರ ಸೊಂಟದವರೆಗೆ, ನಡುವೆ ಎರಡಾಳು ಆಳ. ಅದರ ಮೇಲೆ ಒಂದು ದೊಡ್ಡ ಬಂಡೆ ಹೊಟ್ಟೆ ಮುಂದೆ ಚಾಚಿಕೊಂಡು ನಿಂತಿದೆ. ಹಾಗಾಗಿ ನಡುಮಧ್ಯಾಹ್ನವೂ ಅಲ್ಲಿ ನೆರಳು, ನೀರು ಹಲ್ಲು ಕಡಿಯುವಷ್ಟು ತಣ್ಣಗೆ.

ಚಿಕ್ಕಮ್ಮ ನನ್ನ ತಾಯಿಯ ತಂಗಿ. ಈಜು ಕಲಿತದ್ದು ಆ ದೊಣೆಯಲ್ಲೇ, ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಮದುವೆಯಾಗಿ ಯಳಂದೂರು ತಾಲ್ಲೂಕಿನ ಮಾಂಬಳ್ಳಿಗೆ ಬಂದ ಮೇಲೆ ಅವರು ಈಜಲು ನೀರಿಗೆ ಇಳಿದಿರಲಿಲ್ಲ. ಸೊಸೆ ಕಾಲುವೆಗೆ ಧುಮುಕಿದಳು ಎಂದು ಊರಿನವರ ಬಾಯಿಗೆ ಬೀಳುವುದು ಅವರಿಗೆ ಬೇಕಿರಲಿಲ್ಲ. ತವರಿಗೆ ಹೋದಾಗಲೆಲ್ಲ ಬಾಣಂತನವೋ ಮದುವೆಯೋ ಸಾವೋ ಯಾವುದಾದರೂ ಒಂದು ಇದ್ದೇ ಇರುತ್ತಿತ್ತು. ಒಮ್ಮೆಯಾದರೂ ಈ ದಡದಿಂದ ಆ ದಡಕ್ಕೆ ಈಜಬೇಕು ಎನ್ನುವುದು ಅವರು ಹೇಳಿಕೊಂಡ ಒಂದೇ ಒಂದು ಆಸೆ. ಇನ್ನೂ ಮುಂದಕ್ಕೆ ಹಾಕುವ ಹಾಗಿರಲಿಲ್ಲ. ಈ ಬೇಸಿಗೆ ಕಳೆದ ಮೇಲೆ ಮಾವ ದೊಣೆಯ ಸುತ್ತ ಗೋಡೆ ಎತ್ತಿ, ಮೇಲೆ ಕಬ್ಬಿಣದ ಜಾಲರಿ ಹೊದಿಸಿ, ಮೋಟರು ಇಡುವವರಿದ್ದರು.

“ಆಮ್ಯಾಲ ಇಳಿಯಕ್ಕಾಗದಿಲ್ಲ ಕನಕ್ಕ, ಈಜದಾದ್ರ ಈಗ್ಲೇ ಈಜ್ಬುಡು,” ಎಂದು ಮಾವ ಫೋನಿನಲ್ಲಿ ಹೇಳಿದ್ದರು.

ಹೋದ ವರ್ಷವೂ ಈ ಆಸೆಗಾಗಿಯೇ ಹೋಗಿದ್ದೆವು. ಆಗಲೂ ಪ್ಲಾನು ನನ್ನದೇ. ಕೊಳ್ಳೇಗಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳಿಗೆ ಪ್ರತಿಯೊಂದನ್ನೂ ಅದರದರ ಜಾಗದಲ್ಲಿ ಇಡುವುದು ಗೊತ್ತಿರುತ್ತದೆ ಎಂಬುದು ನಮ್ಮ ಮನೆಯವರ ನಂಬಿಕೆ. ಮೊದಲ ಕಷ್ಟ ದಿನ ಹಿಡಿಯುವುದು. ಚಿಕ್ಕಪ್ಪನ ಕಬ್ಬು ಕುಂತೂರಿನ ಕಾರ್ಖಾನೆಗೆ ಹೋಗುತ್ತದೆ. ಕಡಿಯುವವರು ಬರುವ ದಿನ ಅವರು ಗದ್ದೆ ಬಿಟ್ಟು ಅಲ್ಲಾಡುವ ಹಾಗಿಲ್ಲ.

“ಅಮಾಸ ಬ್ಯಾಡ, ಸ್ವಾಮಾರ ಬ್ಯಾಡ, ಕಟಾವಿನ ದಿನ ಬ್ಯಾಡ. ಮಿಕ್ಕ ದಿನ ನೀ ಯಾವತ್ತ್ ಅಂದ್ರೂ ಬತ್ತೀನಿ ಕನವ್ವ,” ಎಂದು ಅವರು ಉದಾರವಾಗಿ ಹೇಳಿದರು. ಮಿಕ್ಕ ದಿನಗಳಲ್ಲಿ ನನಗೆ ರಜೆ ಇರಲಿಲ್ಲ. ಕೊನೆಗೆ ರಜೆ ಹಾಕಿದೆ.

ಚಿಕ್ಕಪ್ಪನಿಗೆ ನೀರೆಂದರೆ ಹಂಡೆಯಲ್ಲಿ ಕಾದ ನೀರು. ಮಿಕ್ಕ ಯಾವ ನೀರನ್ನೂ ಅವರು ನಂಬುವುದಿಲ್ಲ. “ನಾನು ಊಟಕ್ಕ ಬತ್ತಾ ಇರದು, ನೀರ್ಗಲ್ಲ,” ಎಂದು ಬಸ್ಸಿನಲ್ಲೇ ಹೇಳಿಬಿಟ್ಟಿದ್ದರು. ಚಿತ್ರಾನ್ನ, ಮೊಸರನ್ನ, ಹುಚ್ಚೆಳ್ಳು ಚಟ್ನಿ ತುಂಬಿದ ಕ್ಯಾರಿಯರ್ ಹನೂರಿನವರೆಗೂ ಅವರ ತೊಡೆಯ ಮೇಲೇ ಇತ್ತು. ಅಲ್ಲಿಂದ ಮಾವನ ಲಗೇಜ್ ಆಟೋದ ಹಿಂಬದಿಯಲ್ಲಿ ಕುಳಿತಾಗಲೂ ಅದನ್ನು ಕೆಳಗಿಡಲಿಲ್ಲ.

ದೊಣೆಯ ದಡ ತಲುಪಿದ ಕೂಡಲೇ ಚಿಕ್ಕಮ್ಮ ಗಂಗೆಯ ಪೂಜೆಗೆ ಕುಳಿತರು. ನೀರಿಗೆ ಇಳಿಯುವ ಮೊದಲು ಗಂಗೆಗೆ ಅರಿಸಿನ ಕುಂಕುಮ ಇಟ್ಟು ಕಡ್ಡಿ, ಕರ್ಪೂರ ಹಚ್ಚುವುದು ಅವರ ತವರಿನ ಪದ್ಧತಿ. ಆ ದಿನ ಸಾಂಬ್ರಾಣಿಯನ್ನೂ ತಂದಿದ್ದರು. ತೆಂಗಿನ ಚಿಪ್ಪಿನಲ್ಲಿ ಮಾವನ ಮನೆಯ ಒಲೆಯಿಂದ ಕೆಂಡ ತಂದು, ಅದರ ಮೇಲೆ ಹಿಡಿ ತುಂಬ ಸಾಂಬ್ರಾಣಿ ಸುರಿದರು.

“ಇಷ್ಟೊಂದಾ?” ಎಂದೆ.

“ಇಷ್ಟ್ ವರ್ಸ ಮರ್ತಿದ್ದೀನಲ್ಲ ಕೂಸೇ, ಒಂದ್ ಕಡ್ಡೀಲಿ ಸರಿಹೋದ್ದಾ?”

ಮಾವ ಆಗ ಬಾಳೆ ಎಲೆ ಕುಯ್ಯಲು ಹೊಲದ ಕೆಳಕ್ಕೆ ಹೋಗಿದ್ದರು. ಬಂಡೆಯ ಹೊಟ್ಟೆಯಲ್ಲಿ ಮೊರದಷ್ಟು ಅಗಲದ ಕಪ್ಪು ಕಲೆಯೊಂದಿತ್ತು. ನಾವು ಮೂವರೂ ಅದನ್ನು ನೋಡಿದ್ದೆವು, ಮಳೆನೀರು ಇಳಿದ ಕಲೆ ಇರಬೇಕೆಂದು ಮಾತನಾಡಿಕೊಂಡಿದ್ದೆವು. ಗಾಳಿ ಇರಲಿಲ್ಲ. ಹೊಗೆ ಕಂಬದ ಹಾಗೆ ನೇರವಾಗಿ ಮೇಲಕ್ಕೆ ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಆ ಕಲೆ, ಗಾಳಿ ತಾಗಿದ ಬಟ್ಟೆಯಂತೆ ಮೇಲಿನಿಂದ ಕೆಳಕ್ಕೆ ಒಮ್ಮೆ ಅಲುಗಿತು.

ಕೆಳಗಿನಿಂದ ಮಾವನ ಕೂಗು ಕೇಳಿತು. “ಎಜ್ಜೇನು! ಅಕ್ಕಾ, ಎಜ್ಜೇನು ಎದ್ದದ! ನೀರ್ಗ ಬೀಳ್ರಿ! ನೀರ್ಗ ಬೀಳ್ರಿ!”

ನಾನು ಉಟ್ಟ ಬಟ್ಟೆಯಲ್ಲೇ, ಮೊಬೈಲ್ ಸಮೇತ, ಸೊಂಟದ ನೀರಿಗೆ ಬಿದ್ದು ಮುಳುಗಿದೆ. ಪಕ್ಕದಲ್ಲೇ ಚಿಕ್ಕಮ್ಮ ಬಿದ್ದರು. ಇಬ್ಬರೂ ತಲೆ ಎತ್ತಿ ನೋಡಿದರೆ ಚಿಕ್ಕಪ್ಪ ಇನ್ನೂ ದಡದಲ್ಲೇ ಇದ್ದರು. ತಲೆಯ ಮೇಲೆ ಟವೆಲ್ ಹೊದ್ದು, ಒಂದು ಕೈಯಲ್ಲಿ ಕ್ಯಾರಿಯರ್ ಹಿಡಿದು, ಇನ್ನೊಂದು ಕೈ ಬೀಸುತ್ತಾ ನಿಂತಲ್ಲೇ ಸುತ್ತುತ್ತಿದ್ದರು. ಅವರ ಮುಖದ ಸುತ್ತ ಗಾಳಿಯೇ ಕಪ್ಪಾಗಿತ್ತು.

“ಇಳೀರೀ!” ಚಿಕ್ಕಮ್ಮ ಕಿರುಚಿದರು.

“ನಂಗ ಈಜ್ ಬರದಿಲ್ಲ ಕನಮ್ಮೀ!”

“ಸೊಂಟದ್ ನೀರು ಕನ್ರೀ!”

“ಯಾರ್ ಸೊಂಟ?”

ಈಗ ಹೇಳುವಾಗ ಎಲ್ಲರೂ ಇಲ್ಲಿ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ನನ್ನ ಕಣ್ಣಿಗೆ ಅಂಟಿಕೊಂಡಿರುವುದು ಇದರ ಮುಂದಿನದು. ಚಿಕ್ಕಮ್ಮ ನೀರಿನಿಂದ ಎದ್ದರು. ಕುತ್ತಿಗೆಯವರೆಗೆ ಮುಳುಗಿ ಕುಳಿತರೆ ಉಳಿಯಬಹುದಾಗಿದ್ದವರು ಎದ್ದು ನಿಂತು, ಒದ್ದೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು ಹತ್ತತೊಡಗಿದರು. ಅವರ ಹಿಮ್ಮಡಿಯಿಂದ ನೀರು ಇಳಿಯುತ್ತಿತ್ತು. ಕುತ್ತಿಗೆಯ ಮೇಲೆ ಒಂದು ಹುಳ ಕುಳಿತಿತು, ಆಮೇಲೆ ಅಲ್ಲಿ ಜಾಗವೇ ಕಾಣಲಿಲ್ಲ. ಬೇಡ ಎಂದು ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಅವರು ಚಿಕ್ಕಪ್ಪನ ಹಿಂದಕ್ಕೆ ಹೋಗಿ, ಹಟಮಾರಿ ಹೋರಿಯನ್ನು ಕೊಟ್ಟಿಗೆಗೆ ನೂಕುವಂತೆ ಎರಡೂ ಅಂಗೈ ಊರಿ ನೂಕಿದರು. ಕ್ಯಾರಿಯರ್ ಮೊದಲು ನೀರಿಗೆ ಬಿತ್ತು, ಅದರ ಹಿಂದೆ ಚಿಕ್ಕಪ್ಪ, ಅವರ ಮೇಲೆ ಚಿಕ್ಕಮ್ಮ.

ಚಿಕ್ಕಮ್ಮ ಒದ್ದೆ ಸೆರಗನ್ನು ಇಬ್ಬರ ತಲೆಯ ಮೇಲೂ ಹೊದಿಸಿಕೊಂಡರು. ನಾನು ನನ್ನ ವೇಲನ್ನು ಹೊದ್ದುಕೊಂಡೆ. ಹುಳಗಳು ಬಟ್ಟೆಗೆ ಬಡಿಯುತ್ತಿದ್ದುದು ದಪ್ಪ ಹನಿ ಮಳೆ ಬಿದ್ದ ಹಾಗೆ ಕೇಳುತ್ತಿತ್ತು. ಆ ಸದ್ದಿನ ನಡುವೆ, ಪಕ್ಕದ ಸೆರಗಿನ ಒಳಗಿನಿಂದ ಜಗಳವೂ ಕೇಳತೊಡಗಿತು.

“ನನ್ ಕೈ ಬುಟ್ಬುಡಬ್ಯಾಡ ಕನಮ್ಮೀ.”

“ನಾನೆಲ್ಲಿ ಇಡ್ಕಂಡಿದ್ದೀನಿ? ನೀವೇ ಇಡ್ಕಂಡಿರದು. ಉಗುರ್ ಚುಚ್ತಾ ಅದ.”

“ಚಿತ್ರಾನ್ನ ಓಯ್ತಲ್ಲ.”

“ಜೀವ ಓಯ್ತಾ ಇರವಾಗ ಚಿತ್ರಾನ್ನದ್ ಚಿಂತನಾ ನಿಮ್ಗ?”

“ಜೀವ ಉಳ್ಕಂಡ್ರ ಹಸಿಯದಿಲ್ವಾ?”

ಎಷ್ಟು ಹೊತ್ತು ಹಾಗೆ ಇದ್ದೆವೋ ತಿಳಿಯದು. ಹುಳಗಳು ಸರಿದ ಮೇಲೆ ಮಾವ ಒದ್ದೆ ಕಂಬಳಿ ಹೊದ್ದು ಬಂದು ನಮ್ಮನ್ನು ಆಟೋಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚಿಕ್ಕಪ್ಪನ ಮುಖ ಕುಂಬಳಕಾಯಿಯಷ್ಟಾಗಿತ್ತು. ಚಿಕ್ಕಮ್ಮನಿಗೆ ಕುತ್ತಿಗೆ ತಿರುಗಿಸಲು ಆಗುತ್ತಿರಲಿಲ್ಲ. ಮುಳ್ಳು ಕೀಳುತ್ತಾ ಡಾಕ್ಟರು, “ಹೊರಗೆ ಇನ್ನೊಂದಿಷ್ಟು ಹೊತ್ತು ಇದ್ದಿದ್ದರೆ,” ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು. ಆ ವಾಕ್ಯವನ್ನು ನಾನು ಈಗಲೂ ಪೂರ್ತಿ ಮಾಡುತ್ತಿರುತ್ತೇನೆ, ಪ್ರತಿ ಸಲವೂ ಅದರೊಳಗೆ ಚಿಕ್ಕಮ್ಮ ಇರುತ್ತಾರೆ. ಗ್ರಂಥಾಲಯದಲ್ಲಿ ಹಳೆಯ ಫ್ಯಾನು ಗುಂಯ್ ಎಂದರೆ ಎದ್ದು ಹೋಗಿ ಸ್ವಿಚ್ ಆರಿಸುತ್ತೇನೆ. ಓದುತ್ತಾ ಕುಳಿತ ಹುಡುಗಿಯರು ಸೆಕೆ ಎಂದು ಗೊಣಗುತ್ತಾರೆ.

ಆ ದಿನ ಚಿಕ್ಕಮ್ಮ ಒಂದು ಗೇಣೂ ಈಜಿರಲಿಲ್ಲ.

ಅದಕ್ಕೇ ಈ ಸಲದ ಪ್ಲಾನಿಗೆ ಒಪ್ಪಿಕೊಂಡೆ. ಒಪ್ಪಿಕೊಳ್ಳುವ ಮೊದಲು ಮಾವನ ಪ್ರಾಣ ತಿಂದೆ. ಈಗಲೂ ಜೇನು ಇದೆಯಾ, ಎಲ್ಲಿದೆ, ಎಷ್ಟು ದೊಡ್ಡದು? ಫೋಟೋ ಕಳಿಸಿ ಎಂದರೆ ಕಳಿಸಿದರು. ಅದರಲ್ಲಿ ಅರ್ಧ ಅವರ ಹೆಬ್ಬೆರಳು.

“ಆ ಕಡ ಮೂಲೇಲಿ ಒಂದ್ ಚಿಕ್ದು ಕಟ್ಟದ ಕನವ್ವ. ನಾನು ದಿನಾ ಓಯ್ತೀನಿ, ಮೀಯ್ತೀನಿ, ಒಂದಿನಾನೂ ಮುಟ್ಟಿಲ್ಲ. ಹೊಗ ಹಾಕ್ಬ್ಯಾಡಿ, ಸೆಂಟ್ ಹಾಕ್ಬ್ಯಾಡಿ. ಅವ್ರ್ ಪಾಡ್ಗ ಅವ್ರು, ನಮ್ ಪಾಡ್ಗ ನಾವು.”

ಇಷ್ಟಾದ ಮೇಲೆ ಚಿಕ್ಕಮ್ಮ ಗಂಧದಕಡ್ಡಿಯ ಮಾತು ತೆಗೆದರು. ಫೋನಿನಲ್ಲಿ ಬಗೆಹರಿಯಲಿಲ್ಲ. ಒಂದು ಭಾನುವಾರ ಮಾಂಬಳ್ಳಿಗೇ ಹೋದೆ. ಹಿತ್ತಿಲ ಜಗಲಿಯ ಮೇಲೆ ಚಿಕ್ಕಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಚಿಕ್ಕಪ್ಪ ಪಕ್ಕದಲ್ಲಿ ಕುಳಿತು, ಬಿಡಿಸಲು ಸಹಾಯ ಮಾಡುವ ನೆವದಲ್ಲಿ, ಎಳೆಯ ಕಾಳುಗಳನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದರು.

“ಹೂ ಹಾಕಿ ಕೈಮುಗಿ ಚಿಕ್ಕಮ್ಮ, ಸಾಲದಾ?”

“ನಮ್ಮವ್ವ ಒಂದಿನಾನೂ ಕಡ್ಡಿ ಹಚ್ಚದೆ ನೀರ್ಗ ಇಳಿಸ್ನಿಲ್ಲ ಕನವ್ವ. ಗಂಗಮ್ಮನ್ ಮನಗ ಓಗಿ, ಕೂಗ್ದೆ ಕರೀದೆ ಒಳಕ್ ನುಗ್ಗಕ್ಕಾದ್ದಾ?”

“ಹೋದ ವರ್ಷ ಕೂಗಿ ಕರೆದದ್ದಕ್ಕೆ ಏನಾಯಿತು? ಬೇಡ ಎಂದೇ ಹೇಳಿದಳಲ್ಲ ಗಂಗಮ್ಮ.”

ಚಿಕ್ಕಮ್ಮ ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. “ಬ್ಯಾಡ ಅಂದಿದ್ರ ಮೂರ್ ಜನಕ್ಕೂ ಮಡ್ಲಲ್ಲಿ ಜಾಗ ಕೊಡ್ತಿದ್ಲಾ? ಜೇನು ಕಚ್ತು, ನೀರು ಕಾಪಾಡ್ತು. ಕಾಪಾಡ್ದೋಳ್ಗ ಈ ವರ್ಸ ಒಂದ್ ಕಡ್ಡೀನೂ ಇಲ್ಲ ಅಂತೀಯಲ್ಲ, ನೀ ಓದಿರದು ಇದೇನಾ?”

 ಅಂಗಡಿಯಲ್ಲಿ ಸಿಗುವ ಬ್ಯಾಟರಿ ದೀಪ ಇಟ್ಟರೆ ಹೇಗೆ ಎಂದು ಕೇಳಿದೆ.

“ಟಾರ್ಚ್ ಬುಟ್ಟು ಪೂಜ ಮಾಡಾದಾ? ಗಂಗಮ್ಮ ಏನು ಏಡಿ ಇಡಿಯಕ್ ಓಗಿದ್ದಾಳಾ?”

ಚಿಕ್ಕಪ್ಪ ನಕ್ಕು ಕಾಳು ನೆತ್ತಿಗೆ ಹತ್ತಿಸಿಕೊಂಡರು. ಕೆಮ್ಮು ನಿಂತ ಮೇಲೆ, ನಮ್ಮಿಬ್ಬರ ಮುಖವನ್ನೂ ನೋಡದೆ, “ಬ್ಯಾಡಾಂದ್ರ ಬ್ಯಾಡ ಅನ್ಬುಡಮ್ಮೀ. ಓಗದೂ ಬ್ಯಾಡ,” ಎಂದರು.

“ಆಯ್ತು, ಬ್ಯಾಡ,” ಎಂದು ಚಿಕ್ಕಮ್ಮ ಮತ್ತೆ ಅವರೆಕಾಯಿಗೆ ಕೈ ಹಾಕಿದರು. ಬಿಡಿಸಿದ ಕಾಳು ಸಿಪ್ಪೆಯ ಗುಡ್ಡೆಗೆ ಹೋಗುತ್ತಿತ್ತು, ಸಿಪ್ಪೆ ಪಾತ್ರೆಗೆ ಬೀಳುತ್ತಿತ್ತು.  ಚಿಕ್ಕಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿದರು. ಪಾತ್ರೆಯಿಂದ ಸಿಪ್ಪೆಗಳನ್ನು ಒಂದೊಂದಾಗಿ ಆರಿಸಿ ಹೊರಗೆ ಹಾಕಿದರು.

“ಅಲ್ಲ ಕನಮ್ಮೀ,” ಎಂದರು ಆಮೇಲೆ, “ಗಂಗಮ್ಮನ್ನೇ ಇಲ್ಲಿಗ ಕರಸ್ಕಂಡ್ರ?”

“ಏನು?”

“ಎಣ್ ಮಕ್ಳ ಮನಗ ಕರ್ಕಂಡ್ ಬಂದು, ಅರಿಸ್ನ ಕುಂಕುಮ ಕೊಟ್ಟು, ಮಡ್ಲು ತುಂಬಿ, ತಿರ್ಗ ಅವ್ರ್ ಮನಗ ಬುಟ್ ಬರದಿಲ್ವಾ? ಅಂಗೇ. ನಿನ್ ತಮ್ಮನ್ಗ ಹೇಳಿ ಒಂದ್ ಕ್ಯಾನ್ ನೀರ್ ಕಳ್ಸು ಅನ್ನು. ಇಲ್ಲೇ, ಈ ಹಿತ್ಲಲ್ಲೇ, ನಿಂಗ್ ಎಷ್ಟ್ ಬೇಕೋ ಅಷ್ಟ್ ಹೊಗ ಹಾಕು. ಆಮ್ಯಾಲ ತಕಂಡೋಗಿ ದೊಣ್ಗ ಬುಡು. ಪೂಜ ಆಗಿರೋ ಗಂಗ ತಾನೇ ಅಲ್ಲಿರದು ಆಗ?”

ಚಿಕ್ಕಮ್ಮ ಗಂಡನ ಮುಖವನ್ನು ಮೊದಲ ಸಲ ನೋಡುವವರಂತೆ ನೋಡಿದರು. “ನಿಮ್ಗ್ಯಾಕ್ರೀ ಇಷ್ಟೊಂದು? ನೀರು ಕಂಡ್ರ ಆಗದಿಲ್ಲ ನಿಮ್ಗ.”

“ನಂಗಾಗದಿಲ್ಲ. ನಿಂಗ್ ಆಯ್ತದಲ್ಲ,” ಎಂದು ಚಿಕ್ಕಪ್ಪ ಇನ್ನೊಂದು ಕಾಳು ಬಾಯಿಗೆ ಹಾಕಿಕೊಂಡರು.

ಮುಂದಿನ ವಾರ ಗಂಗಮ್ಮ ಹನೂರಿನಿಂದ ಬಸ್ಸಿನಲ್ಲಿ ಬಂದಳು. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ನಾನು ಕಾಯುತ್ತಿದ್ದೆ. ಕಂಡಕ್ಟರು ಡ್ರೈವರ್ ಸೀಟಿನ ಹಿಂದಿನಿಂದ ಹಳದಿ ಕ್ಯಾನು ಎಳೆದು ಕೊಡುತ್ತಾ, “ಏನ್ ಮೇಡಂ ಇದ್ರಲ್ಲಿ?” ಎಂದ.

“ನೀರು.”

“ಕೊಳ್ಳೇಗಾಲದಲ್ಲಿ ನಲ್ಲಿ ನಿಂತೋಯ್ತಾ?”

“ಪೂಜೆಗೆ.”

“ಹೂಂ. ಒಬ್ರು ಸಾರಾಯಿ ಅನ್ಕಂಡು ಮೂಸಿ ನೋಡಿ ಮುಖ ಸಿಂಡ್ರಿಸ್ಕಂಡ್ರು, ಏನೂ ವಾಸ್ನೆ ಇಲ್ವಲ್ಲ ಅಂತ,” ಎಂದು ನಗುತ್ತಾ ಸೀಟಿ ಊದಿದ.

ಮಾಂಬಳ್ಳಿಯ ಹಿತ್ತಿಲಲ್ಲಿ ಆ ನೀರನ್ನು ಹಿತ್ತಾಳೆಯ ಬಿಂದಿಗೆಗೆ ತುಂಬಿ, ಕೊರಳಿಗೆ ಹೂ ಸುತ್ತಿ, ಚಿಕ್ಕಮ್ಮ ಪೂಜೆಗೆ ಕುಳಿತರು. ಎರಡು ವರ್ಷದ ಸಾಂಬ್ರಾಣಿ ಒಟ್ಟಿಗೆ ಸುಟ್ಟಿರಬೇಕು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, “ಏನಕ್ಕ, ಹುಲ್ಲಿನ್ ಮೆದಗ ಬೆಂಕಿ ಬಿತ್ತಾ?” ಎಂದು ಕೂಗಿದರು. ಹೊಗೆ ಕಂಡ ಕೂಡಲೇ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ. ಅಲ್ಲಿ ಜೇನಿಲ್ಲ ಎಂದು ನನಗೆ ಗೊತ್ತಿತ್ತು. ಕೈ ಮಾತ್ರ ಚಿಲಕದ ಮೇಲೇ ಇತ್ತು. ಕಿಟಕಿಯಿಂದ ನೋಡಿದರೆ ಚಿಕ್ಕಪ್ಪ ಹೊಗೆಯ ನಡುವೆಯೇ ಕುಳಿತು, ಮುಖಕ್ಕೆ ಬಂದದ್ದನ್ನು ಟವೆಲಿನಿಂದ ಬೀಸಿಕೊಳ್ಳುತ್ತಿದ್ದರು.

ಹೊರಡುವ ದಿನ ನನ್ನ ಕಾಟ ಹೆಚ್ಚಾಯಿತು. ಪೂಜೆಗೆ ಉಟ್ಟ ಸೀರೆ ಬೇಡ, ಮಲ್ಲಿಗೆ ಮುಡಿಯಬೇಡ, ತಲೆಗೆ ವಾಸನೆಯ ಎಣ್ಣೆ ಬೇಡ ಎಂದೆ. ಚಿಕ್ಕಪ್ಪ ಬೀಡಿ ಕಟ್ಟನ್ನು ಕೇಳದೆಯೇ ತೆಗೆದು ನನ್ನ ಕೈಗಿಟ್ಟರು. “ಬೆಂಕಿಪಟ್ನಾನೂ ತಕೋ. ಇನ್ನೇನಾರ ಬೇಕಾ? ಉಸ್ರಾದ್ರೂ ಬುಡ್ಬೋದಾ?” ಎಂದು ಕೇಳಿದರು. ಪೂಜೆಯ ನೀರು ತುಂಬಿದ ಬಿಂದಿಗೆಯನ್ನು ಚಿಕ್ಕಮ್ಮ ಹನೂರಿನವರೆಗೂ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ತಿರುವಿನಲ್ಲಿ ಬಸ್ಸು ವಾಲಿದಾಗಲೆಲ್ಲ ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚುತ್ತಿದ್ದರು.

ದೊಣೆ ಹೋದ ವರ್ಷದ ಹಾಗೇ ಇತ್ತು. ಬಂಡೆಯ ಮೂಲೆಯಲ್ಲಿ ಆ ಚಿಕ್ಕ ಕಪ್ಪು ಇತ್ತು. ನನ್ನ ಕಣ್ಣು ಅಲ್ಲಿಗೆ ಹೋದದ್ದು ಅಲ್ಲಿಂದ ಬರಲಿಲ್ಲ. ಚಿಕ್ಕಮ್ಮ ಬಿಂದಿಗೆ ಬಗ್ಗಿಸಿ, “ಬಂದ್ಯಲ್ಲವ್ವ, ಓಗು ನಿನ್ ಮನಗ,” ಎಂದು ಮೆಲ್ಲಗೆ ಹೇಳುತ್ತಾ ನೀರನ್ನು ನೀರಿಗೆ ಬಿಟ್ಟರು. ಹೊಗೆ ಇರಲಿಲ್ಲ, ಕೈಮುಗಿದದ್ದಷ್ಟೇ. ಅವರು ಸೆರಗು ಬಿಗಿಯುವಷ್ಟರಲ್ಲಿ ಯಾರೋ ಧಬಕ್ಕನೆ ನೀರಿಗಿಳಿದ ಸದ್ದಾಯಿತು. ಚಿಕ್ಕಪ್ಪ! ಅಂಗಿ ಪಂಚೆಯಲ್ಲೇ ಸೊಂಟದವರೆಗೆ ಇಳಿದು, ಕ್ಯಾರಿಯರನ್ನು ತಲೆಯ ಮೇಲೆ ಹೊತ್ತು, ಚಳಿಗೆ ಹಲ್ಲು ಕಟಕಟ ಎನ್ನಿಸುತ್ತಾ ನಿಂತಿದ್ದರು.

“ಏನ್ ಬಾವ ಇದು?” ಮಾವ ಬಾಯಿ ಬಿಟ್ಟರು.

“ಆಮ್ಯಾಲ ನೂಕಿಸ್ಕಳದ್ಕಿಂತ ಮೊದ್ಲೇ ಬಂದ್ ನಿಂತ್ಕಳದು ಮರ್ವಾದಿ,” ಎಂದರು ಚಿಕ್ಕಪ್ಪ.

ಎಲ್ಲರೂ ನಗುತ್ತಿರುವಾಗಲೇ ಚಿಕ್ಕಮ್ಮ ಇಳಿದರು. ಮೊದಲು ಸ್ವಲ್ಪ ಹೊತ್ತು ನೀರು ಬಡಿದ ಸದ್ದು, ಚಿಕ್ಕಪ್ಪನ “ನಿಧಾನ ಕನಮ್ಮೀ”, ಒಮ್ಮೆ ಕೆಮ್ಮು. ಆಮೇಲೆ ಸದ್ದು ಕಡಿಮೆಯಾಗುತ್ತಾ ಬಂದು, ನೀರು ಒಂದೇ ಅಳತೆಯಲ್ಲಿ ಸರಿಯುವುದು ಕೇಳತೊಡಗಿತು. ನಾನು ಬಂಡೆಯನ್ನೇ ನೋಡುತ್ತಿದ್ದೆ. ಆ ಕಪ್ಪು ಅಲುಗಿದರೆ ಈ ಸಲ ದನಿ ಬರಬೇಕು, ಕೂಗಬೇಕು ಎಂದು ಬಾಯಿ ಅರ್ಧ ತೆರೆದೇ ಇಟ್ಟಿದ್ದೆ. ಆಚೆ ದಡದ ಕಲ್ಲಿಗೆ ಅಂಗೈ ಬಡಿದ ಸದ್ದು ಬಂದಾಗ ಮಾವ ಶಿಳ್ಳೆ ಹಾಕಿದರು.

ಚಿಕ್ಕಮ್ಮ ಆ ದಡದ ಕಲ್ಲು ಹಿಡಿದು, ಏದುಸಿರು ಬಿಡುತ್ತಾ, “ನೋಡಿದ್ಯೇನೇ ಕೂಸು?” ಎಂದು ಕೂಗಿದರು.

“ನೋಡಿದೆ ಚಿಕ್ಕಮ್ಮ!”

“ಸುಳ್ ಹೇಳ್ಬ್ಯಾಡ. ನಿನ್ ಮೊಖ ಮ್ಯಾಲ್ಕೇ ಇತ್ತು, ಅರ್ಧ ದಾರೀಲಿ ತಿರ್ಗಿ ನೋಡ್ದೆ ನಾನು. ಇನ್ನೊಂದ್ ಸಲ ಈಜ್ತೀನಿ. ಈ ಕಡೀಕ್ ತಿರ್ಗು.”

“ಸಾಕು ಬಾರಮ್ಮೀ, ಚಳಿ ಆಯ್ತದ,” ಎಂದು ಚಿಕ್ಕಪ್ಪ ಕ್ಯಾರಿಯರ್ ಕೆಳಗಿನಿಂದ ಗೋಗರೆದರು.

“ನೀವ್ ಸುಮ್ನಿರಿ. ಅದು ತಿರ್ಗೋವರ್ಗೂ ನಾ ಇಲ್ಲಿಂದ ಬರದಿಲ್ಲ.”

ತಿರುಗುವುದು ಸುಲಭವಾಗಿರಲಿಲ್ಲ. ಬೆನ್ನಿನ ಚರ್ಮವೆಲ್ಲ ಕಿವಿಯಾದಂತಿತ್ತು. ಆದರೂ ಬಂಡೆಗೆ ಬೆನ್ನು ಹಾಕಿ, ಕಾಲು ನೀರಿಗೆ ಬಿಟ್ಟು ಕುಳಿತೆ. ಚಿಕ್ಕಮ್ಮ ಕಲ್ಲನ್ನು ಕಾಲಿನಿಂದ ಒದ್ದು ಹೊರಟರು. ಗದ್ದ ನೀರಿಗೆ ತಾಗಿಯೂ ತಾಗದಂತೆ, ಎರಡು ಕೈಗಳೂ ಎದುರಿನ ಪರದೆಯನ್ನು ಸರಿಸುವಂತೆ ನೀರನ್ನು ಸರಿಸುತ್ತಿದ್ದವು. ನರೆತ ಜಡೆ ಬಿಚ್ಚಿಕೊಂಡು ಹಿಂದೆ ತೇಲುತ್ತಿತ್ತು. ಸೆಲೆ ಉಕ್ಕುವ ನಡುಜಾಗಕ್ಕೆ ಬಂದಾಗ ಅವರು ಒಂದು ಕ್ಷಣ ಕೈಕಾಲು ಆಡಿಸುವುದನ್ನೇ ನಿಲ್ಲಿಸಿ, ಕೆಳಗಿನಿಂದ ಬರುವ ತಣ್ಣೀರು ಹೊಟ್ಟೆಗೆ ತಾಗಿದ್ದಕ್ಕೋ ಏನೋ, ಚಿಕ್ಕ ಹುಡುಗಿಯ ಹಾಗೆ ಕಿಸಕ್ಕನೆ ನಕ್ಕರು. ಮುಂದೆ ಬಂದರು. ಈ ದಡ ಮುಟ್ಟುವವರೆಗೂ ನಾನು ಅವರನ್ನೇ ನೋಡುತ್ತಿದ್ದೆ.